ವೆಬ್ ಡಿಸೈನ್, ಕೋಡಿಂಗ್ ಕಲಿಯೋಕೆ ಯಾವ ಪುಸ್ತಕಕ್ಕೆ ದುಡ್ಡು ಹಾಕ್ಬೇಕು, ಯಾವ್ದನ್ನ ಅಂಗಡೀಲೇ ಬಿಟ್ಟು ಬರ್ಬೇಕು

ವೆಬ್ ಡಿಸೈನ್ ಕಲೀಬೇಕು, ಯಾವ ಬುಕ್ ತಗೊಳ್ಲಿ ಅಂತ ಕೇಳೋರಿಗೆ ನಾನು ತಿರುಗಿ ಕೇಳೋದು ಒಂದೇ, ನೀವು ನೋಡಿಟ್ಟಿರೋ ಬುಕ್ ಯಾವ ವರ್ಷದ್ದು? ಹೆಸರು, ಸ್ಟಾರ್ ರೇಟಿಂಗ್, ಎಷ್ಟು ಪುಟ ಅನ್ನೋದೆಲ್ಲ ಆಮೇಲೆ. ಯಾಕಂದ್ರೆ ಈ ಫೀಲ್ಡಲ್ಲಿ ಎಲ್ಲಾ ಪುಸ್ತಕಕ್ಕೂ ಒಂದೇ ಆಯಸ್ಸಿಲ್ಲ. 2000ನೇ ಇಸವೀಲಿ ಬಂದ ಪುಸ್ತಕ ಒಂದಿದೆ, ಇವತ್ತಿಗೂ ಕೂತು ಓದೋ ಹಾಗಿದೆ. ಅದೇ 2018ರಲ್ಲಿ ಬಂದ ಯಾವ್ದಾದ್ರೂ ರಿಯಾಕ್ಟ್ (ವೆಬ್ ಪೇಜ್ ಕಟ್ಟೋಕೆ ಬಳಸೋ ರೆಡಿಮೇಡ್ ಜಾವಾಸ್ಕ್ರಿಪ್ಟ್ ಸಾಮಾನು) ಪುಸ್ತಕ ತೆಗೀರಿ, ಎಲ್ಲಾ ಕಡೆ ಕ್ಲಾಸ್ ಕಾಂಪೊನೆಂಟ್ ಅನ್ನೋ ಹಳೇ ಶೈಲೀಲಿ ಬರೆಸಿರ್ತಾರೆ, 2019ರ ಫೆಬ್ರವರೀಲಿ ಹುಕ್ಸ್ ಅನ್ನೋ ಹೊಸಾ ರೀತಿ ಬಂತು ನೋಡಿ, ಅಲ್ಲಿಂದ ಇಡೀ ಜನ ಬರೆಯೋ ರೀತಿನೇ ಬದಲಾಗೋಯ್ತು, ಪುಸ್ತಕ ಮಾತ್ರ ಅಂಗಡಿ ಶೆಲ್ಫಲ್ಲಿ ಹಂಗೇ ಹೊಳೀತಾ ಕೂತಿತ್ತು. ರಿಯಾಕ್ಟ್ ಥರದ ಫ್ರೇಮ್‌ವರ್ಕ್ ಪುಸ್ತಕ ಅಂದ್ರೆ ಹಾಲಿನ ಪ್ಯಾಕೆಟ್ ಇದ್ದಂಗೆ, ಡೇಟ್ ನೋಡ್ದೆ ತಗೋಬಾರ್ದು.

ಹಂಗಾಗಿ ನನ್ನ ಲೆಕ್ಕ ಇಷ್ಟೇ, ಬೇಗ ಹಳೇದಾಗೋ ವಿಷ್ಯನ ಆದಷ್ಟು ಫ್ರೀಯಾಗಿ ಓದಿ ಇಲ್ಲಾ ಹೊಸಾ ಎಡಿಷನ್ನೇ ತಗೊಳ್ಳಿ, ನಿಧಾನಕ್ಕೆ ಹಳೇದಾಗೋ ವಿಷ್ಯಕ್ಕೆ ದುಡ್ಡು ಹಾಕಿ, ಅದ್ರಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿದ್ರೂ ಪರವಾಗಿಲ್ಲ. ಈ ಒಂದು ಲೆಕ್ಕ ಇಟ್ಕೊಂಡ್ರೆ ಕೆಳಗೆ ಬರೆದಿರೋ ಅರ್ಧ ಸಲಹೆ ನೀವೇ ಕಂಡುಹಿಡ್ಕೋಬಹುದು.

ಮೊದ್ಲು ಅಂಗಡೀಲಿ ನಿಂತ್ಕೊಂಡೇ ಮಾಡೋ ಟೆಸ್ಟ್ ಹೇಳ್ತೀನಿ. ಬೆಂಗಳೂರಿನ ಅವೆನ್ಯೂ ರೋಡಲ್ಲಿ ಹಳೇ ಪುಸ್ತಕದ ರಾಶಿ ಮುಂದೆ ನಿಂತಿದೀರ ಅಂದ್ಕೊಳ್ಳಿ, ಇಲ್ಲಾ ಸಪ್ನಾದಲ್ಲಿ ಕಂಪ್ಯೂಟರ್ ಸೆಕ್ಷನ್ನು, ಇಲ್ಲಾ ಚರ್ಚ್ ಸ್ಟ್ರೀಟಲ್ಲಿ ಬ್ಲಾಸಂ. ಎಚ್‌ಟಿಎಂಎಲ್ (ಪೇಜಿನ ಚೌಕಟ್ಟು ಬರೆಯೋದು), ಸಿಎಸ್‌ಎಸ್ (ಅದಕ್ಕೆ ರೂಪ ಕೊಡೋದು) ಪುಸ್ತಕ ಆದ್ರೆ ಸೀದಾ ಹಿಂದಿನ ಇಂಡೆಕ್ಸ್ ತೆಗೆದು ಫ್ಲೆಕ್ಸ್‌ಬಾಕ್ಸ್, ಗ್ರಿಡ್ (ಪೇಜಲ್ಲಿ ಯಾವ್ದು ಎಲ್ಲಿ ಕೂರ್ಬೇಕು ಅಂತ ಹೇಳೋ ಸಿಎಸ್‌ಎಸ್ ವಿಧಾನಗಳು) ಎರಡೂ ಇದ್ಯಾ ನೋಡಿ, ಇದ್ರೆ ಎಷ್ಟು ಪುಟ ಅಂತ ನೋಡಿ. ಸಿಎಸ್‌ಎಸ್ ಗ್ರಿಡ್ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಬ್ರೌಸರ್‌ಗಳಿಗೆ ಬಂದಿದ್ದು 2017ರ ಮಾರ್ಚಲ್ಲಿ, ಅದಕ್ಕಿಂತ ಮುಂಚಿನ ಪುಸ್ತಕದಲ್ಲಿ ಅದು ಇರೋಕೆ ಸಾಧ್ಯ ಇಲ್ಲ, ಇದ್ರೂ ಮುಂದೆ ಬರತ್ತಂತೆ ಅನ್ನೋ ಥರ ಒಂದು ಪ್ಯಾರಾ ಇರತ್ತೆ. ಜಾವಾಸ್ಕ್ರಿಪ್ಟ್ (ಪೇಜ್ ಕೆಲ್ಸ ಮಾಡೋ ಹಂಗೆ ಮಾಡೋ ಭಾಷೆ) ಪುಸ್ತಕ ಆದ್ರೆ ನಡುವೆ ಎಲ್ಲಾದ್ರೂ ನಾಕು ಪುಟ ತಿರುವಿ, ಎಲ್ಲಾ ವೇರಿಯಬಲ್ಲೂ ವಾರ್ (var) ಅಂತಾನೇ ಶುರುವಾಗಿದ್ದು, ಲೆಟ್ಟು (let) ಕಾನ್ಸ್ಟು (const) ಆ್ಯರೋ ಫಂಕ್ಷನ್ನು (=>) ಒಂದೂ ಕಾಣ್ದೇ ಇದ್ರೆ ಅದು 2015ಕ್ಕಿಂತ ಹಿಂದಿನ ಭಾಷೆ. ಫ್ಲ್ಯಾಶ್ (ಪೇಜಲ್ಲಿ ಅನಿಮೇಷನ್, ವಿಡಿಯೋ ಓಡಿಸೋಕೆ ಇದ್ದ ಸಾಫ್ಟ್‌ವೇರ್) ಬಗ್ಗೆ ಅಧ್ಯಾಯ ಇದ್ರೆ ಅದೂ ಹಳೇ ಪುಸ್ತಕ, ಅಡೋಬಿ ಕಂಪನಿಯೋರು 2020ರ ಡಿಸೆಂಬರ್ 31ಕ್ಕೆ ಅದಕ್ಕೆ ಸಪೋರ್ಟ್ ನಿಲ್ಲಿಸಿ ಕೈ ತೊಳ್ಕೊಂಡ್ರು. ಫ್ರಂಟ್‌ಪೇಜ್ (ಮೈಕ್ರೋಸಾಫ್ಟ್ ಯಾವತ್ತೋ ನಿಲ್ಲಿಸಿದ ವೆಬ್ ಪೇಜ್ ಸಾಫ್ಟ್‌ವೇರ್) ಅಂತ ಕವರ್ ಮೇಲೇ ಇದ್ರೆ ರದ್ದಿ ರೇಟಿಗೆ ಕೊಟ್ರೂ ಬೇಡ. ಹಿಂದೆ ಸಿಡಿ ಅಂಟಿಸಿರೋ ಪುಸ್ತಕಾನೂ ಅಷ್ಟೇ, ಸಿಡಿ ಹಾಕೋಕೆ ಈಗ ಲ್ಯಾಪ್‌ಟಾಪಲ್ಲಿ ಜಾಗನೂ ಇಲ್ಲ ಬಿಡಿ.

ಎಚ್‌ಟಿಎಂಎಲ್, ಸಿಎಸ್‌ಎಸ್: ಡಕೆಟ್ಟಾ, ರಾಬಿನ್ಸಾ?

ಇಲ್ಲಿ ನಿಜವಾದ ಸ್ಪರ್ಧೆ ಇರೋದು ಎರಡು ಪುಸ್ತಕದ ಮಧ್ಯೆ. ಒಂದು ಜಾನ್ ಡಕೆಟ್ ಅವರ ಎಚ್‌ಟಿಎಂಎಲ್ ಆ್ಯಂಡ್ ಸಿಎಸ್‌ಎಸ್, ವೈಲಿಯವರು 2011ರಲ್ಲಿ ತಂದಿದ್ದು. ಇನ್ನೊಂದು ಜೆನಿಫರ್ ರಾಬಿನ್ಸ್ ಅವರ ಲರ್ನಿಂಗ್ ವೆಬ್ ಡಿಸೈನ್, ಓರೈಲಿ ಪ್ರಕಾಶನದ್ದು, ಮೊದ್ಲು 2001ರಲ್ಲಿ ಬಂದು ಆಮೇಲೆ ತಿದ್ದಿ ತಿದ್ದಿ 2018ಕ್ಕೆ ಐದನೇ ಎಡಿಷನ್ ಆಯ್ತು.

ಡಕೆಟ್ ಪುಸ್ತಕ ಕೈಗೆತ್ತಿಕೊಂಡ್ರೆ ಕೆಳಗಿಡೋಕೆ ಮನಸ್ಸು ಬರಲ್ಲ, ಅದಂತೂ ಸತ್ಯ. ಪುಟ ಪೂರ್ತಿ ಬಣ್ಣ, ಒಂದು ಕಡೆ ಕೋಡು ಪಕ್ಕದಲ್ಲೇ ಅದು ಬ್ರೌಸರಲ್ಲಿ ಹೆಂಗೆ ಕಾಣತ್ತೆ ಅನ್ನೋದು, ಒಂದು ಪುಟಕ್ಕೆ ಒಂದೇ ವಿಷ್ಯ, ಉದ್ದುದ್ದ ಪ್ಯಾರಾ ಇಲ್ವೇ ಇಲ್ಲ. ಕಂಪ್ಯೂಟರ್ ಪುಸ್ತಕ ಅಂದ್ರೆ ನಿದ್ದೆ ಬರೋ ಜನಾನೂ ಇದನ್ನ ಮ್ಯಾಗಜಿನ್ ಥರ ತಿರುವಿ ಹಾಕ್ತಾರೆ. ಟ್ಯಾಗ್ ಅಂದ್ರೇನು, ಲಿಂಕು ಇಮೇಜು ಟೇಬಲ್ಲು ಫಾರಂ ಅಂದ್ರೇನು ಅನ್ನೋ ಮೊದಲರ್ಧ ಇವತ್ತಿಗೂ ಹೆಚ್ಚುಕಮ್ಮಿ ಹಂಗೇ ನಡಿಯತ್ತೆ, ಯಾಕಂದ್ರೆ ಎಚ್‌ಟಿಎಂಎಲ್ಲಲ್ಲಿ ಹಳೇದನ್ನ ಅಷ್ಟು ಸುಲಭಕ್ಕೆ ಯಾರೂ ಮುರಿಯಲ್ಲ. ಬಣ್ಣ, ಅಕ್ಷರ, ಬಾಕ್ಸ್ ಮಾಡೆಲ್ ಕೂಡ ಓಕೆ.

ತೊಂದ್ರೆ ಶುರುವಾಗೋದು ಲೇಔಟ್ ಅಧ್ಯಾಯದಲ್ಲಿ. ಅಲ್ಲಿ ಕಾಲಂ ಮಾಡೋದು ಫ್ಲೋಟಲ್ಲಿ, ಜೊತೆಗೆ ಆಗಿನ ಕಾಲದ 960 ಪಿಕ್ಸೆಲ್ ಅಗಲದ ಗ್ರಿಡ್ಡು (ಇದು ಮೇಲೆ ಹೇಳಿದ ಸಿಎಸ್‌ಎಸ್ ಗ್ರಿಡ್ ಅಲ್ಲ). ಫ್ಲೋಟ್ ಇದ್ದಿದ್ದೇ ಚಿತ್ರದ ಸುತ್ತ ಅಕ್ಷರ ಹರೀಲಿ ಅಂತ, ಬೇರೆ ದಾರಿ ಇಲ್ದೇ ಜನ ಅದನ್ನ ಇಡೀ ಪೇಜ್ ಕಟ್ಟೋಕೆ ಬಳಸ್ತಿದ್ರು, ಆಮೇಲೆ ಅದು ಕುಸಿದು ಬೀಳ್ದೇ ಇರ್ಲಿ ಅಂತ ಕ್ಲಿಯರ್‌ಫಿಕ್ಸ್ ಅನ್ನೋ ಇನ್ನೊಂದು ಉಪಾಯ, ಹಿಂಗೆ ಸರ್ಕಸ್ಸು. ಈಗ ಫ್ಲೆಕ್ಸ್‌ಬಾಕ್ಸಲ್ಲಿ ಮೂರು ಸಾಲಲ್ಲಿ ಆಗೋ ಕೆಲ್ಸ ಅದು. ಇನ್ನು 960 ಪಿಕ್ಸೆಲ್ ಅಂದ್ರೆ ನಮ್ಮ ಜನ ನೋಡೋದು ಪೂರ್ತಿ ಫೋನಲ್ಲಿ, ಅದ್ರಲ್ಲಿ ಅರ್ಧ ಅಗಲಾನೂ ಇರಲ್ಲ. ಸ್ಕ್ರೀನ್ ಸೈಜಿಗೆ ತಕ್ಕಂಗೆ ಪೇಜ್ ತಾನೇ ಹೊಂದ್ಕೊಳ್ಳೋದಕ್ಕೆ ಈಥನ್ ಮಾರ್ಕಾಟ್ ರೆಸ್ಪಾನ್ಸಿವ್ ಅನ್ನೋ ಹೆಸರಿಟ್ಟು ಲೇಖನ ಬರೆದಿದ್ದು 2010ರಲ್ಲಿ, ಡಕೆಟ್ ಪುಸ್ತಕ ಆ ಅಲೆ ಏಳ್ತಾ ಇರೋವಾಗಲೇ ಪ್ರಿಂಟಾಗಿದ್ದು, ಹಂಗಾಗಿ ಅದ್ರ ತಪ್ಪಂತ ನಾನು ಹೇಳಲ್ಲ. ಆದ್ರೆ ಕಲಿಯೋರು ಫ್ಲೋಟ್ ಅಧ್ಯಾಯ ಮನಸ್ಸಿಟ್ಟು ಕಲ್ತು ಅದೇ ಸರಿಯಾದ ದಾರಿ ಅಂದ್ಕೊಂಡ್ರೆ ಆಮೇಲೆ ಅದನ್ನ ಮರೆಯೋದೇ ಒಂದು ಕೆಲ್ಸ. ಫ್ಲ್ಯಾಶ್ ಬಗ್ಗೆನೂ ಒಂದು ಅಧ್ಯಾಯ ಇದೆ ಅದ್ರಲ್ಲಿ, ವಿಡಿಯೋ ಆಡಿಯೋ ಜೊತೆ.

ಇನ್ನೊಂದು ಕೊರತೆ ಯಾರೂ ಅಷ್ಟಾಗಿ ಹೇಳಲ್ಲ, ಡಕೆಟ್‌ನಲ್ಲಿ ಅಭ್ಯಾಸ ಇಲ್ಲ. ಅಧ್ಯಾಯದ ಕೊನೇಲಿ ಒಂದು ಉದಾಹರಣೆ, ಒಂದು ಸಾರಾಂಶ, ಮುಗೀತು. ನೋಡೋಕೆ ಸುಲಭವಾಗಿ ಕಾಣೋದ್ರಿಂದ ಓದಿ ಮುಗಿಸಿದ ತಕ್ಷಣ ಎಲ್ಲಾ ಬಂದ್ಬಿಟ್ತು ಅನ್ಸತ್ತೆ, ಖಾಲಿ ಫೈಲ್ ತೆಗೆದು ಕೂತಾಗ ಕೈ ಓಡಲ್ಲ.

ರಾಬಿನ್ಸ್ ಪುಸ್ತಕ ಇದಕ್ಕೆ ಉಲ್ಟಾ. ನೋಡೋಕೆ ದಪ್ಪ, ಹತ್ತಿರ ಹತ್ತಿರ 800 ಪುಟ, ಮೊದಲ ನೋಟಕ್ಕೆ ಟೆಕ್ಸ್ಟ್‌ಬುಕ್ಕೇ. ಆದ್ರೆ ಅದು ಶುರು ಮಾಡೋದು ಹೆಂಗೆ ಅಂದ್ರೆ ಬ್ಲ್ಯಾಕ್ ಗೂಸ್ ಬಿಸ್ಟ್ರೊ ಅಂತ ಒಂದು ಹೋಟೆಲ್ ಪೇಜ್, ಅದ್ರ ಬರೀ ಅಕ್ಷರ ಕೊಟ್ಟು ಒಂದೊಂದೇ ಟ್ಯಾಗ್ ಹಾಕಿಸ್ತಾ ಹೋಗತ್ತೆ, ಪ್ರತಿ ಹೆಜ್ಜೇಲೂ ಬ್ರೌಸರಲ್ಲಿ ಏನ್ ಬದಲಾಯ್ತು ನೋಡು ಅನ್ನತ್ತೆ. ಅಧ್ಯಾಯದ ಕೊನೇಲಿ ಪ್ರಶ್ನೆ ಇವೆ, ಉತ್ತರ ಪುಸ್ತಕದ ಹಿಂದೆ. ಫ್ಲೆಕ್ಸ್‌ಬಾಕ್ಸು ಗ್ರಿಡ್ಡು ಸೇರಿಸಿ ಒಂದು ಭಾರೀ ಅಧ್ಯಾಯ ಇದೆ, ರೆಸ್ಪಾನ್ಸಿವ್ ಡಿಸೈನಿಗೆ ಬೇರೆ ಅಧ್ಯಾಯ, ಎಸ್‌ವಿಜಿ, ಇಮೇಜ್ ಸೈಜ್ ಇಳಿಸೋದು, ಗಿಟ್ಟು ಕಮಾಂಡ್ ಲೈನು ಇವೆಲ್ಲ ಏನು ಅಂತ ಪರಿಚಯಾನೂ ಇದೆ. ಜಾವಾಸ್ಕ್ರಿಪ್ಟ್ ಮಾತ್ರ ಎರಡೇ ಅಧ್ಯಾಯ, ಅದನ್ನ ನಂಬ್ಕೊಂಡು ಕೂರಬೇಡಿ.

2018ರ ನಂತರ ಸಿಎಸ್‌ಎಸ್‌ಗೆ ಕಂಟೇನರ್ ಕ್ವೆರಿ, ಹ್ಯಾಸ್ ಸೆಲೆಕ್ಟರ್ ಥರದ ದೊಡ್ಡ ವಿಷ್ಯ ಎಲ್ಲಾ ಬಂದಿವೆ, ಎರಡೂ 2023ರ ಹೊತ್ತಿಗೆ ಎಲ್ಲಾ ದೊಡ್ಡ ಬ್ರೌಸರಲ್ಲೂ ಓಡೋಕೆ ಶುರುವಾದ್ವು. ಆದ್ರೆ ಅದು ಮೇಲಿಂದ ಸೇರಿಸ್ಕೊಳ್ಳೋದು, ಕೆಳಗಿನ ಪಾಯ ಅಲುಗಾಡಿಲ್ಲ. ಅದನ್ನ ಮೊಝಿಲಾದ ಎಂಡಿಎನ್ ಸೈಟಲ್ಲಿ ಫ್ರೀಯಾಗಿ ಓದ್ಕೋಬಹುದು.

ಹಂಗಾಗಿ ಒಂದೇ ಪುಸ್ತಕಕ್ಕೆ ದುಡ್ಡಿದ್ರೆ ರಾಬಿನ್ಸ್, ಇದ್ರಲ್ಲಿ ನಂಗೆ ಎರಡು ಮಾತಿಲ್ಲ. ಡಕೆಟ್ ಯಾರಿಗೆ ಅಂದ್ರೆ ಕೋಡ್ ನೋಡಿದ್ರೇ ಭಯ ಬೀಳೋರಿಗೆ, ಡಿಸೈನ್ ಇಲ್ಲಾ ಡಿಟಿಪಿ ಕಡೆಯಿಂದ ಬರೋರಿಗೆ, ಇಲ್ಲಾ ಯಾರೋ ಫ್ರೆಂಡ್ ಹತ್ರ ಇದ್ದು ಎರಡು ವಾರಕ್ಕೆ ಕೊಡ್ತಾರೆ ಅನ್ನೋರಿಗೆ. ತಗೊಂಡ್ರೆ ಲೇಔಟ್ ಅಧ್ಯಾಯ ಹಾರಿಸಿ ಅದ್ರ ಜಾಗದಲ್ಲಿ ಎಂಡಿಎನ್‌ನ ಫ್ಲೆಕ್ಸ್‌ಬಾಕ್ಸ್ ಪಾಠ ಮಾಡಿ.

ಹೆಡ್ ಫಸ್ಟ್ ಸೀರೀಸಿನ ಎಚ್‌ಟಿಎಂಎಲ್ ಪುಸ್ತಕಾನೂ ತುಂಬಾ ಜನ ಹೇಳ್ತಾರೆ, ಎರಡನೇ ಎಡಿಷನ್ 2012, ಅಂದ್ರೆ ಡಕೆಟ್‌ಗೆ ಇರೋ ವಯಸ್ಸಿನ ಸಮಸ್ಯೆ ಇದಕ್ಕೂ ಇದೆ, ಬಣ್ಣ ಬೇರೆ ಇಲ್ಲ. ಬಿಡಿ. ಎರಿಕ್ ಮೇಯರ್ ಮತ್ತು ಎಸ್ಟೆಲ್ ವೈಲ್ ಅವರ ಸಿಎಸ್‌ಎಸ್ ಡೆಫಿನಿಟಿವ್ ಗೈಡ್, 2023ರ ಐದನೇ ಎಡಿಷನ್, ಸಾವಿರ ಪುಟ ದಾಟತ್ತೆ, ಅದು ಕೆಲ್ಸಕ್ಕೆ ಸೇರಿದ ಮೇಲೆ ಆಫೀಸ್ ದುಡ್ಡಲ್ಲಿ ತರಿಸಿಕೊಳ್ಳೋ ಪುಸ್ತಕ, ಕಲಿಯೋಕಲ್ಲ.

ಜಾವಾಸ್ಕ್ರಿಪ್ಟ್: ಫ್ರೀ ಇರೋದೇ ಚೆನ್ನಾಗಿರೋ ಒಂದೇ ಜಾಗ

ಇಲ್ಲಿ ವಿಚಿತ್ರ ಏನಂದ್ರೆ ಅತ್ಯುತ್ತಮ ಅನ್ನೋ ಪುಸ್ತಕಗಳಲ್ಲಿ ಎರಡನ್ನ ಲೇಖಕರೇ ಫ್ರೀಯಾಗಿ ಇಟ್ಟಿದಾರೆ, ಆದ್ರೂ ನಮ್ಮ ಹುಡುಗ್ರು 21 ದಿನದಲ್ಲಿ ಕಲೀರಿ ಅನ್ನೋ ಪುಸ್ತಕ ದುಡ್ಡು ಕೊಟ್ಟು ತರ್ತಾರೆ. ಪೀಟರ್ ನಾರ್ವಿಗ್ ಅಂತ ಗೂಗಲಲ್ಲಿ ಇದ್ದ ದೊಡ್ಡ ಕಂಪ್ಯೂಟರ್ ವಿಜ್ಞಾನಿ, ಈ ಥರದ ಪುಸ್ತಕಗಳನ್ನ ನೋಡಿನೇ ಪ್ರೋಗ್ರಾಮಿಂಗ್ ಹತ್ತು ವರ್ಷದಲ್ಲಿ ಕಲೀರಿ ಅಂತ ಒಂದು ಪ್ರಬಂಧ ಬರೆದಿದಾರೆ, ಹುಡುಕಿ ಓದಿ, ಚಿಕ್ಕದು.

ಫ್ರೀ ಇರೋದ್ರಲ್ಲಿ ಮೊದಲನೇದು ಮರೈನ್ ಹಾವರ್ಬೆಕೆ ಅವರ ಎಲೊಕ್ವೆಂಟ್ ಜಾವಾಸ್ಕ್ರಿಪ್ಟ್. ನಾಲ್ಕನೇ ಎಡಿಷನ್ 2024ರದ್ದು, ಪೂರ್ತಿ ವೆಬ್‌ಸೈಟಲ್ಲೇ ಇದೆ, ಪಾಠದ ನಡುವೆ ಇರೋ ಕೋಡನ್ನ ಅಲ್ಲೇ ತಿದ್ದಿ ಅಲ್ಲೇ ಓಡಿಸ್ಬಹುದು, ಪ್ರಿಂಟ್ ಪುಸ್ತಕದಲ್ಲಿ ಆಗದೇ ಇರೋ ಕೆಲ್ಸ ಅದು. ಒಳಗೆ ಇರೋ ಪ್ರಾಜೆಕ್ಟುಗಳು ಮಜಾ ಇವೆ, ಊರಲ್ಲಿ ಮನೆಮನೆಗೆ ಪಾರ್ಸೆಲ್ ಹಂಚೋ ರೋಬಾಟ್, ಎಗ್ ಅಂತ ಪುಟ್ಟ ಪ್ರೋಗ್ರಾಮಿಂಗ್ ಭಾಷೆನ ನಾವೇ ಕಟ್ಟೋದು, ಒಂದು ಹಾರೋ ಓಡೋ ಗೇಮ್, ಚಿತ್ರ ಬಿಡಿಸೋ ಎಡಿಟರ್.

ಆದ್ರೆ ಇದನ್ನ ಬಿಗಿನರ್ ಪುಸ್ತಕ ಅಂತ ಎಲ್ರೂ ಕಣ್ಮುಚ್ಚಿ ಹೇಳ್ತಾರಲ್ಲ ಅದನ್ನ ನಾನು ಒಪ್ಪಲ್ಲ. ಮೊದಲ ಎರಡು ಅಧ್ಯಾಯ ಸಲೀಸು, ಮೂರರಲ್ಲಿ ರಿಕರ್ಷನ್ (ಫಂಕ್ಷನ್ ತನ್ನನ್ನೇ ಕರ್ಕೊಳ್ಳೋದು) ಬರತ್ತೆ, ನಾಲ್ಕರಲ್ಲಿ ಅಳಿಲಾಗಿ ಬದಲಾಗೋ ಒಬ್ಬ ಮನುಷ್ಯನ ದಿನಚರಿ ತಗೊಂಡು ಅವನು ಏನು ತಿಂದ ದಿನ ಅಳಿಲಾದ ಅಂತ ಸ್ಟ್ಯಾಟಿಸ್ಟಿಕ್ಸಿನ ಕೋರಿಲೇಷನ್ ಲೆಕ್ಕ ಹಾಕಿಸ್ತಾರೆ. ಕಥೆ ತಮಾಷೆಯಾಗಿದೆ, ಆದ್ರೆ ಅರೇ ಅಂದ್ರೇನು ಅಂತ ಈಗಷ್ಟೇ ಕೇಳಿದೋನಿಗೆ ಆ ಫಾರ್ಮುಲಾ ನೋಡಿದ್ರೆ ಬೆವರು ಬರತ್ತೆ, ಪುಸ್ತಕ ಬಿಟ್ಟು ಹೋಗೋ ಜನ ಜಾಸ್ತಿ ಬಿಡೋದು ಅಲ್ಲೇ. ಸಿಕ್ಕಾಕ್ಕೊಂಡ್ರೆ ಆ ಲೆಕ್ಕದ ಭಾಗ ಹಾರಿಸಿ ಮುಂದೆ ಹೋಗಿ, ನಷ್ಟ ಇಲ್ಲ. ಇಲ್ಲಾ ಅಂದ್ರೆ ಮೊದ್ಲು ಬೇರೆ ಸುಲಭದ್ದು ಒಂದು ಮುಗಿಸಿ ಎರಡನೇ ಪುಸ್ತಕವಾಗಿ ಇದನ್ನ ತೆಗೀರಿ, ಆಗ ಇದ್ರ ರುಚಿನೇ ಬೇರೆ.

ಎರಡನೇ ಫ್ರೀ ಪುಸ್ತಕ ಕೈಲ್ ಸಿಂಪ್ಸನ್ ಅವರ ಯು ಡೋಂಟ್ ನೋ ಜೆಎಸ್ ಸೀರೀಸ್, ಗಿಟ್‌ಹಬ್ ಅನ್ನೋ ಕೋಡ್ ಹಂಚೋ ಸೈಟಲ್ಲಿ ಓದಬಹುದು. ಇದು ಜಾವಾಸ್ಕ್ರಿಪ್ಟ್ ಗೊತ್ತು ಅಂದ್ಕೊಂಡಿರೋರಿಗೆ. ಸ್ಕೋಪು ಕ್ಲೋಷರು (ಯಾವ ವೇರಿಯಬಲ್ ಎಲ್ಲಿಂದ ಕಾಣತ್ತೆ ಅನ್ನೋದು) ಬಗ್ಗೆ ಇರೋ ಭಾಗ ಇಂಟರ್‌ವ್ಯೂಗೆ ಹೋಗೋ ಮುಂಚೆ ಓದಿದ್ರೆ ತುಂಬಾ ಪ್ರಶ್ನೆಗೆ ಉತ್ತರ ಬಾಯಲ್ಲೇ ಇರತ್ತೆ. ಮೊದಲ ಪುಸ್ತಕವಾಗಿ ತಗೊಂಡ್ರೆ ತಲೆ ಕೆಡತ್ತೆ ಅಷ್ಟೇ.

ಡಕೆಟ್ ಅವರದ್ದೇ ಜಾವಾಸ್ಕ್ರಿಪ್ಟ್ ಆ್ಯಂಡ್ ಜೇಕ್ವೆರಿ ಇದೆ, 2014. ಬಣ್ಣ ಚಿತ್ರ ಎಲ್ಲಾ ಅದೇ ಸೊಗಸು, ಡಾಮ್ ಅಂದ್ರೇನು ಇವೆಂಟ್ ಅಂದ್ರೇನು ಅನ್ನೋದನ್ನ ಚಿತ್ರದಲ್ಲಿ ಅಷ್ಟು ಚೆನ್ನಾಗಿ ತೋರಿಸಿರೋದು ಕಮ್ಮಿ. ಆದ್ರೆ ಅದು ಬಂದ ಮುಂದಿನ ವರ್ಷ, 2015ರಲ್ಲಿ, ಭಾಷೆನೇ ದೊಡ್ಡದಾಗಿ ಬದಲಾಯ್ತು. ಹಂಗಾಗಿ ಇಡೀ ಪುಸ್ತಕ ವಾರ್ ಯುಗದ್ದು. ಲೈಬ್ರರೀಲಿ ಸಿಕ್ಕಿದ್ರೆ ಚಿತ್ರ ನೋಡೋಕೆ ತಗೊಳ್ಳಿ, ದುಡ್ಡು ಕೊಡಬೇಡಿ. ಅದೇ ಡಕೆಟ್ 2022ರಲ್ಲಿ ಪಿಎಚ್‌ಪಿ ಆ್ಯಂಡ್ ಮೈಎಸ್‌ಕ್ಯುಎಲ್ ಅಂತ ತಂದಿದಾರೆ, ಅದಿನ್ನೂ ತಾಜಾ ಇದೆ, ವರ್ಡ್‌ಪ್ರೆಸ್ ಫ್ರೀಲ್ಯಾನ್ಸ್ ಮಾಡೋ ಯೋಚನೆ ಇರೋರು ಧಾರಾಳವಾಗಿ ತಗೋಬಹುದು.

ಡಗ್ಲಸ್ ಕ್ರಾಕ್‌ಫರ್ಡ್ ಅವರ ಗುಡ್ ಪಾರ್ಟ್ಸ್, 2008ರದ್ದು, ಇನ್ನೂರು ಪುಟಾನೂ ಇಲ್ಲ, ಹಳೇ ಸೀನಿಯರ್‌ಗಳ ಬಾಯಲ್ಲಿ ಇನ್ನೂ ಇದೆ. ಆಗಿನ ಕಾಲಕ್ಕೆ ಜಾವಾಸ್ಕ್ರಿಪ್ಟ್‌ಗೆ ಮರ್ಯಾದೆ ತಂದುಕೊಟ್ಟ ಪುಸ್ತಕಗಳಲ್ಲಿ ಒಂದು. ಆದ್ರೆ ಅವರು ತಪ್ಪಿಸ್ಕೊಳ್ಳಿ ಅಂದ ಎಷ್ಟೋ ಹೊಂಡಗಳನ್ನ ಭಾಷೆನೇ ಆಮೇಲೆ ಮುಚ್ಚಿದೆ. ಇತಿಹಾಸದ ಆಸಕ್ತಿ ಇದ್ರೆ ಓದಿ.

ದುಡ್ಡು ಕೊಟ್ಟು ಒಂದು ಜಾವಾಸ್ಕ್ರಿಪ್ಟ್ ಪುಸ್ತಕ ಮನೇಲಿ ಇರ್ಲಿ ಅಂದ್ರೆ ಡೇವಿಡ್ ಫ್ಲಾನಗನ್ ಅವರ ಡೆಫಿನಿಟಿವ್ ಗೈಡ್, ಕವರ್ ಮೇಲೆ ಘೇಂಡಾಮೃಗ ಇರೋದು, ಏಳನೇ ಎಡಿಷನ್ 2020. ಇಲ್ಲಿ ಎಡಿಷನ್ ನಂಬರ್ ನೋಡ್ಲೇಬೇಕು, ಯಾಕಂದ್ರೆ 2011ರ ಆರನೇ ಎಡಿಷನ್ ಸಾವಿರ ಪುಟ ದಾಟಿದ್ದು ನೋಡೋಕೆ ಭರ್ಜರಿಯಾಗಿ ಕಾಣತ್ತೆ, ಸೆಕೆಂಡ್ ಹ್ಯಾಂಡಲ್ಲಿ ಅಗ್ಗಕ್ಕೂ ಸಿಗತ್ತೆ, ಏಳನೇದು ಸುಮಾರು 700 ಪುಟಕ್ಕೆ ಇಳಿದಿದೆ. ದಪ್ಪ ನೋಡಿ ಆರನೇದು ತರಬೇಡಿ, ಬೇಡದ್ದನ್ನ ತೆಗೆದುಹಾಕಿ ಹೊಸಾ ಭಾಷೆಗೆ ತಕ್ಕಂಗೆ ಬರೆದಿರೋದ್ರಿಂದನೇ ಏಳನೇದು ಸಣ್ಣಗಿರೋದು.

ಡಿಸೈನ್ ಪುಸ್ತಕ: ದುಡ್ಡು ಹಾಕೋದಿದ್ರೆ ಇಲ್ಲಿ ಹಾಕಿ

ಕೋಡಿಂಗ್ ಪುಸ್ತಕಕ್ಕೆ ಸಾವಿರಗಟ್ಲೆ ಸುರಿದು ಡಿಸೈನ್ ಪುಸ್ತಕ ಒಂದೂ ಮುಟ್ಟದೇ ಇರೋ ಡೆವಲಪರ್‌ಗಳೇ ಜಾಸ್ತಿ, ಅವರು ಮಾಡಿದ ಸೈಟ್ ನೋಡಿದ್ರೆ ಗೊತ್ತಾಗತ್ತೆ, ನಾಕು ಬಣ್ಣ ಐದು ಫಾಂಟು ಮೇಲೊಂದು ಓಡೋ ಅಕ್ಷರ. ವಿಚಿತ್ರ ಅಂದ್ರೆ ಹಳೇದಾಗದೇ ಇರೋ ಪುಸ್ತಕಗಳೆಲ್ಲ ಇಲ್ಲೇ ಇರೋದು.

ಮೊದ್ಲು ಹೇಳಿದ್ನಲ್ಲ 2000ನೇ ಇಸವಿ ಪುಸ್ತಕ, ಅದು ಸ್ಟೀವ್ ಕ್ರುಗ್ ಅವರ ಡೋಂಟ್ ಮೇಕ್ ಮಿ ಥಿಂಕ್. ಮೂರನೇ ಎಡಿಷನ್ 2014ರಲ್ಲಿ ಬಂತು, ಮೊಬೈಲ್ ಬಗ್ಗೆ ಅಧ್ಯಾಯ ಸೇರ್ಕೊಂಡಿದೆ. ಸುಮಾರು 200 ಪುಟ. ಜನ ಪೇಜನ್ನ ಓದಲ್ಲ, ಕಣ್ಣಾಡಿಸ್ತಾರೆ, ಮೊದ್ಲು ಕಂಡ ಸರಿ ಅನ್ಸಿದ್ದನ್ನ ಒತ್ತುತ್ತಾರೆ, ಹಂಗಾಗಿ ಅವರಿಗೆ ಯೋಚನೆ ಮಾಡೋ ಕೆಲ್ಸ ಕೊಡಬೇಡಿ ಅನ್ನೋದು ಒಟ್ಟು ವಿಷ್ಯ. ನಮ್ಮ ಯಾವ್ದಾದ್ರೂ ಸರ್ಕಾರಿ ಸೈಟಲ್ಲಿ ಅರ್ಜಿ ತುಂಬೋಕೆ ಕೂತು ಮುಂದಿನ ಬಟನ್ ಎಲ್ಲಿದೆ ಅಂತ ಹುಡುಕಿದೋರಿಗೆ ಇದು ಒಂದೇ ಪುಟದಲ್ಲಿ ಅರ್ಥ ಆಗತ್ತೆ. ತಿಂಗಳಿಗೆ ಒಂದು ಬೆಳಿಗ್ಗೆ ಮೂರು ಜನನ ಕೂರ್ಸಿ ನಿಮ್ಮ ಸೈಟ್ ಬಳಸೋಕೆ ಹೇಳಿ ಸುಮ್ನೆ ನೋಡಿ ಅನ್ನೋ ಅವರ ಸಲಹೆ ಒಂದೇ ಸಾಕು, ಪುಸ್ತಕದ ಬೆಲೆ ವಾಪಸ್ ಬಂದಂಗೆ. ಅಕ್ಕಪಕ್ಕದ ಮನೆ ಆಂಟಿ, ತಮ್ಮ, ಆಫೀಸ್ ಸೆಕ್ಯುರಿಟಿಯವರು ಯಾರಾದ್ರೂ ಆಗತ್ತೆ. ಎರಡನೇ ಎಡಿಷನ್ ಹಳೇದು ಸಿಕ್ಕಿದ್ರೂ ತಗೊಳ್ಳಿ, ಉದಾಹರಣೆ ಸೈಟ್‌ಗಳು ಮುದುಕಾಗಿವೆ ಅಷ್ಟೇ, ಮಾತು ಹಳೇದಾಗಿಲ್ಲ.

ರಾಬಿನ್ ವಿಲಿಯಮ್ಸ್ ಅವರ ನಾನ್ ಡಿಸೈನರ್ಸ್ ಡಿಸೈನ್ ಬುಕ್, ಮೊದಲ ಎಡಿಷನ್ 1994. ಇವರು ಹಾಲಿವುಡ್ ನಟ ಅಲ್ಲ, ಹೆಂಗಸು. ಇಡೀ ಪುಸ್ತಕ ನಿಂತಿರೋದು ನಾಕು ವಿಷ್ಯದ ಮೇಲೆ, ಸಂಬಂಧ ಇರೋದನ್ನ ಹತ್ತಿರ ಇಡು, ಎಲ್ಲಾನೂ ಒಂದು ಗೆರೆಗೆ ಸೇರಿಸು, ಒಂದೇ ಶೈಲಿನ ಮತ್ತೆ ಮತ್ತೆ ಬಳಸು, ಬೇರೆ ಕಾಣ್ಬೇಕಾದ್ದು ಧೈರ್ಯವಾಗಿ ಬೇರೆ ಕಾಣ್ಲಿ. ಉದಾಹರಣೆ ಎಲ್ಲಾ ವಿಸಿಟಿಂಗ್ ಕಾರ್ಡು, ಕರಪತ್ರದ್ದು, ವೆಬ್ ಕಮ್ಮಿ. ಆದ್ರೂ ಮದ್ವೆ ಇನ್ವಿಟೇಷನ್ನಿಂದ ಹಿಡಿದು ಲ್ಯಾಂಡಿಂಗ್ ಪೇಜ್‌ವರೆಗೆ ಇದೇ ನಾಕು.

ರೀಫ್ಯಾಕ್ಟರಿಂಗ್ ಯುಐ, 2018, ಆಡಮ್ ವಾಥನ್ ಮತ್ತು ಸ್ಟೀವ್ ಶೋಗರ್ ಬರೆದಿದ್ದು. ವಾಥನ್ ಅಂದ್ರೆ ಟೇಲ್‌ವಿಂಡ್ ಅನ್ನೋ ಸಿಎಸ್‌ಎಸ್ ಫ್ರೇಮ್‌ವರ್ಕ್ ಮಾಡಿದವರು. ಇದು ನೇರವಾಗಿ ಡೆವಲಪರ್‌ಗೆ ಅಂತಾನೇ ಇರೋದು, ಪ್ರತಿ ಪುಟದಲ್ಲೂ ಮೊದ್ಲು ಹಿಂಗಿತ್ತು ಈಗ ಹಿಂಗಾಯ್ತು ಅಂತ ಚಿತ್ರ. ಬಣ್ಣದ ಹಿನ್ನೆಲೆ ಮೇಲೆ ಬೂದು ಅಕ್ಷರ ಹಾಕ್ಬೇಡಿ, ಜಾಗ ಮೊದ್ಲು ಜಾಸ್ತಿನೇ ಬಿಟ್ಟು ಆಮೇಲೆ ಕಮ್ಮಿ ಮಾಡಿ, ಮುಖ್ಯ ಅಂತ ತೋರ್ಸೋಕೆ ಬರೀ ಸೈಜ್ ದೊಡ್ಡದು ಮಾಡೋದೊಂದೇ ದಾರಿ ಅಲ್ಲ, ಈ ಥರ. ತುಂಬಾ ಉಪಯೋಗಕ್ಕೆ ಬರತ್ತೆ, ಆದ್ರೆ ಡಾಲರ್ ಬೆಲೆ, ವಿದ್ಯಾರ್ಥಿಗಳಿಗೆ ಭಾರ. ಕ್ರುಗ್ ಮತ್ತು ವಿಲಿಯಮ್ಸ್ ಎರಡೂ ಸೆಕೆಂಡ್ ಹ್ಯಾಂಡ್ ತಗೊಂಡ್ರೂ ಇದಕ್ಕಿಂತ ಕಮ್ಮಿಗೆ ಬರಬಹುದು, ಕೆಲ್ಸ ಸಿಕ್ಕಿದ ಮೇಲೆ ಇದನ್ನ ತಗೊಳ್ಳಿ. ಅಲ್ಲೀವರೆಗೆ ಜೆರೆಮಿ ಕೀತ್ ಅವರ ರೆಸಿಲಿಯಂಟ್ ವೆಬ್ ಡಿಸೈನ್ ಇದೆ, 2016ರಿಂದ ವೆಬ್ಬಲ್ಲಿ ಪೂರ್ತಿ ಫ್ರೀ, ವೆಬ್ ಹೆಂಗೆ ಬೆಳೀತು, ನೆಟ್ ಸ್ಲೋ ಇರೋ ಹಳೇ ಫೋನಲ್ಲೂ ನಡಿಯೋ ಹಂಗೆ ಯಾಕೆ ಕಟ್ಬೇಕು ಅನ್ನೋ ವಿಷ್ಯ, ಕೋಡೇ ಇಲ್ಲ ಅನ್ಬಹುದು.

ಇಲ್ಲಿ ನಮ್ಮೋರಿಗೆ ಒಂದು ಎಚ್ಚರಿಕೆ. ಈ ಪುಸ್ತಕಗಳಲ್ಲಿ ಅಕ್ಷರ ವಿನ್ಯಾಸದ ಬಗ್ಗೆ ಹೇಳೋದೆಲ್ಲ ಇಂಗ್ಲಿಷ್ ಲಿಪಿ ಲೆಕ್ಕದಲ್ಲಿ. ಕನ್ನಡ ಸೈಟ್ ಮಾಡೋರು ಅದನ್ನ ಹಂಗಂಗೇ ಹಾಕಿದ್ರೆ ಕೆಡತ್ತೆ. ಹೆಡ್ಡಿಂಗಿಗೆ ಸಾಲಿನ ಎತ್ತರ 1.2 ಇಡಿ ಅಂತಾರೆ, ಅಷ್ಟಿಟ್ರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸು, ದೀರ್ಘಕ್ಕೆ ಬಡಿಯತ್ತೆ, ಸ್ತ್ರೀ ಅಂತ ಒಂದು ಪದ ಬರೆದು ನೋಡಿ ಸಾಕು. ನಾನು ಕನ್ನಡಕ್ಕೆ 1.6ರಿಂದ ಶುರು ಮಾಡೋದು. ಬಟನ್ನಿಗೆ ಎತ್ತರ ಪಿಕ್ಸೆಲಲ್ಲಿ ಕಟ್ಟಿಹಾಕಿದ್ರೆ ಒತ್ತು ಅರ್ಧ ಕಟ್ಟಾಗತ್ತೆ. ದೊಡ್ಡಕ್ಷರ ಮಾಡೋ ಪ್ರಾಪರ್ಟಿ ಕನ್ನಡದಲ್ಲಿ ಏನೂ ಮಾಡಲ್ಲ, ಇಟಾಲಿಕ್ ಅಂದ್ರೆ ಹೆಚ್ಚಿನ ಫಾಂಟಲ್ಲಿ ಆ ರೂಪನೇ ಇಲ್ದೇ ಬ್ರೌಸರ್ ಸುಮ್ನೆ ಓರೆ ಮಾಡಿ ತೋರ್ಸತ್ತೆ, ಅಸಹ್ಯವಾಗಿ ಕಾಣತ್ತೆ.

ಕೋಡಲ್ಲೂ ಇದೇ ಕಥೆ. ಕೃಷ್ಣಮೂರ್ತಿ ಅನ್ನೋ ಹೆಸರು ನಮ್ಮ ಕಣ್ಣಿಗೆ ನಾಕು ಅಕ್ಷರ, ಜಾವಾಸ್ಕ್ರಿಪ್ಟಲ್ಲಿ ಲೆಂಗ್ತ್ (ಉದ್ದ) ಕೇಳಿದ್ರೆ 11 ಅನ್ನತ್ತೆ, ಯಾಕಂದ್ರೆ ವ್ಯಂಜನ, ಸ್ವರ ಚಿಹ್ನೆ, ಒತ್ತು ಮಾಡೋ ಹಲಂತ ಎಲ್ಲಾ ಬೇರೆ ಬೇರೆ ಎಣಿಸತ್ತೆ. ಫಾರಮ್ಮಲ್ಲಿ ಹೆಸರಿಗೆ 10 ಅಕ್ಷರ ಮಿತಿ ಹಾಕಿದ್ರೆ ಕೃಷ್ಣಮೂರ್ತ ಅಂತ ನಿಂತೋಗತ್ತೆ. ಬಿಗಿನರ್ ಪುಸ್ತಕಗಳಲ್ಲಿ ಈ ವಿಷ್ಯ ಹೆಚ್ಚಾಗಿ ಮುಟ್ಟೋದೇ ಇಲ್ಲ, ಎಲೊಕ್ವೆಂಟ್ ಜಾವಾಸ್ಕ್ರಿಪ್ಟಿನ ಐದನೇ ಅಧ್ಯಾಯ ಮಾತ್ರ ಯೂನಿಕೋಡ್ ಲಿಪಿಗಳ ಡೇಟಾ ಇಟ್ಕೊಂಡೇ ಪಾಠ ಮಾಡತ್ತೆ, ಅದ್ರಲ್ಲಿ ತಮಿಳು ಕೈಬರಹದ ಒಂದು ಚಿತ್ರಾನೂ ಇದೆ. ಕನ್ನಡ ಆ್ಯಪ್ ಮಾಡೋ ಆಸೆ ಇದ್ರೆ ಬೇರೆ ಏನ್ ಬಿಟ್ರೂ ಆ ಅಧ್ಯಾಯ ಬಿಡಬೇಡಿ.

ಇಂಗ್ಲಿಷ್ ಎಷ್ಟು ಕಷ್ಟ ಅನ್ನೋದೂ ಲೆಕ್ಕಕ್ಕೆ ಬರತ್ತೆ, ಕನ್ನಡ ಮೀಡಿಯಮ್ಮಿಂದ ಬಂದೋರಿಗೆ ಇದು ಬೆಲೆಗಿಂತ ದೊಡ್ಡ ವಿಷ್ಯ, ರಿವ್ಯೂ ಬರೆಯೋರು ಯಾರೂ ಇದನ್ನ ಹೇಳಲ್ಲ. ನನ್ನ ಅನುಭವದಲ್ಲಿ ಡಕೆಟ್ ಅತೀ ಸುಲಭ, ಸಣ್ಣ ಸಣ್ಣ ವಾಕ್ಯ. ರಾಬಿನ್ಸ್ ಪಾಠ ಹೇಳೋ ಟೀಚರ್ ಥರ, ಉದ್ದ ಆದ್ರೂ ನೇರ. ಆಶ್ಚರ್ಯ ಅಂದ್ರೆ ಫ್ಲಾನಗನ್ ನೋಡೋಕೆ ಒಣಒಣ ಆದ್ರೂ ಇಂಗ್ಲಿಷ್ ಸರಳ, ಸುತ್ತುಬಳಸು ಇಲ್ಲ. ಹೆಡ್ ಫಸ್ಟ್ ಚಿತ್ರ ಜಾಸ್ತಿ ಅಂತ ಸುಲಭ ಅಂದ್ಕೊಳ್ತಾರೆ, ಆದ್ರೆ ಒಳಗೆ ಪೂರ್ತಿ ಅಮೆರಿಕನ್ ಜೋಕು, ಅದು ಅರ್ಥ ಆಗ್ದೇ ಇದ್ದಾಗ ಜೋಕು ಯಾವ್ದು ಪಾಠ ಯಾವ್ದು ಅಂತಾನೇ ತಿಳಿಯಲ್ಲ. ಕ್ರುಗ್ ಕೂಡ ತಮಾಷೆ ಮಾಡ್ತಾರೆ, ಆದ್ರೆ ಚಿತ್ರ ನೋಡಿ ಹಿಡ್ಕೋಬಹುದು. ಹಾವರ್ಬೆಕೆ, ಸಿಂಪ್ಸನ್ ಇಬ್ರೂ ಕಷ್ಟ, ಡಿಕ್ಷನರಿ ಪಕ್ಕದಲ್ಲಿರ್ಲಿ. ಶುರುವಿಗೆ ಕಿವೀಲಿ ಕನ್ನಡ ಬೇಕೇಬೇಕು ಅನ್ನೋರು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ನೋಡಿ, ಲಿನಕ್ಸ್, ಸಿ ಥರದ ವಿಷ್ಯ ಕನ್ನಡ ಆಡಿಯೋದಲ್ಲಿ ಫ್ರೀಯಾಗಿ ಇವೆ.

ಸಿ ಅಂದಾಗ ನೆನಪಾಯ್ತು, ಕಾಲೇಜಲ್ಲಿ ಸಿ ಇದೆ, ಬಾಲಗುರುಸಾಮಿನೋ ಕಾನೇಟ್ಕರೋ ಬರೆದ ಸಿ ಪುಸ್ತಕ ಕೈಯಲ್ಲಿದೆ, ವೆಬ್ಬಿಗೆ ಮೊದ್ಲು ಅದನ್ನ ಮುಗಿಸ್ಬೇಕಾ ಅಂತ ಕೇಳ್ತಾರೆ. ಬೇಡ. ಎಕ್ಸಾಮಿಗೆ ಅದು ಓದಿ, ವೆಬ್ಬಿಗೆ ಕಾಯಬೇಡಿ. ಆದ್ರೆ ನೀಲಿ ಸ್ಕ್ರೀನಿನ ಟರ್ಬೊ ಸಿ ಇಟ್ಕೊಂಡು ಬರೆದಿರೋ ಹಳೇ ಎಡಿಷನ್ ಮಾತ್ರ ತರಬೇಡಿ, ಅದ್ರ ಪ್ರೋಗ್ರಾಂಗಳಲ್ಲಿ ಎಷ್ಟೋ ಇವತ್ತಿನ ಕಂಪೈಲರಲ್ಲಿ ಹಂಗೇ ಓಡಲ್ಲ. ಭಾಷೆ ನಿಜವಾಗ್ಲೂ ಇಷ್ಟ ಆದ್ರೆ ಕರ್ನಿಗನ್, ರಿಚಿ ಇಬ್ರೂ ಬರೆದ ಸಿ ಪುಸ್ತಕದ 1988ರ ಎರಡನೇ ಎಡಿಷನ್, ಮುನ್ನೂರು ಪುಟದ ಒಳಗೆ, ಮೊದ್ಲೇ ಹೇಳಿದ ನಿಧಾನಕ್ಕೆ ಹಳೇದಾಗೋ ಪುಸ್ತಕಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ಬೇಡ.

ಪ್ರೋಗ್ರಾಮಿಂಗೇ ಗೊತ್ತಿಲ್ಲ, ಜಾವಾಸ್ಕ್ರಿಪ್ಟ್ ಗೊಂದಲ ಅನ್ಸತ್ತೆ ಅಂದ್ರೆ ಪೈಥಾನಿಂದ ಬರಬಹುದು. ಆಲ್ ಸ್ವೈಗಾರ್ಟ್ ಅವರ ಆಟೋಮೇಟ್ ದ ಬೋರಿಂಗ್ ಸ್ಟಫ್ ವೆಬ್ಬಲ್ಲಿ ಫ್ರೀ, ಎಕ್ಸೆಲ್ ಫೈಲು ಪಿಡಿಎಫ್ಫು ಫೋಲ್ಡರು ಇಂಥ ಆಫೀಸ್ ಕೆಲ್ಸ ತಾನಾಗೇ ಆಗೋ ಹಂಗೆ ಮಾಡೋದು ಕಲಿಸತ್ತೆ, ಅಕೌಂಟ್ಸಲ್ಲಿ ಕೆಲ್ಸ ಮಾಡೋರಿಗೂ ಆಗತ್ತೆ. ಎರಿಕ್ ಮ್ಯಾಥಿಸ್ ಅವರ ಪೈಥಾನ್ ಕ್ರ್ಯಾಶ್ ಕೋರ್ಸ್, 2023ರ ಮೂರನೇ ಎಡಿಷನ್, ದುಡ್ಡಿನ ಪುಸ್ತಕ, ಆದ್ರೆ ಅದ್ರ ಎರಡನೇ ಅರ್ಧದಲ್ಲಿ ಜ್ಯಾಂಗೊ ಅನ್ನೋ ಪೈಥಾನ್ ಫ್ರೇಮ್‌ವರ್ಕ್ ಬಳಸಿ ಪೂರ್ತಿ ವೆಬ್ ಆ್ಯಪ್ ಕಟ್ಟಿಸ್ತಾರೆ. ಗುರಿ ವೆಬ್ಬೇ ಆಗಿದ್ರೆ ಮ್ಯಾಥಿಸ್, ಇಲ್ದಿದ್ರೆ ಸ್ವೈಗಾರ್ಟ್.

ಫ್ರೇಮ್‌ವರ್ಕಿಗೆ ಪುಸ್ತಕನೇ ಬೇಡ. ರಿಯಾಕ್ಟಿಗೆ 2023ರಲ್ಲಿ ಬಂದ ಹೊಸಾ ಅಧಿಕೃತ ಡಾಕ್ಯುಮೆಂಟೇಷನ್ ಸೈಟೇ ಒಂದು ಪುಸ್ತಕದಷ್ಟಿದೆ.

ಕೊಳ್ಳೋವಾಗ ಕೊನೇದಾಗಿ ನೋಡ್ಬೇಕಾದ್ದು. ಓರೈಲಿ ಪುಸ್ತಕಗಳನ್ನ ಮುಂಬೈನ ಶ್ರಾಫ್ ಪಬ್ಲಿಷರ್ಸ್ ಇಲ್ಲೇ ಪ್ರಿಂಟ್ ಮಾಡ್ತಾರೆ, ವಿದೇಶಿ ಪ್ರತಿಗಿಂತ ತುಂಬಾ ಕಮ್ಮಿ ಬೆಲೆ, ಆದ್ರೆ ಗ್ರೇಸ್ಕೇಲ್ ಇಂಡಿಯನ್ ಎಡಿಷನ್ ಅಂತ ಬರೆದಿದ್ರೆ ಒಳಗೆ ಬಣ್ಣ ಇರಲ್ಲ. ಫ್ಲಾನಗನ್, ಮೇಯರ್ ಥರದ ಪುಸ್ತಕಕ್ಕೆ ಕಪ್ಪು ಬಿಳುಪು ಏನೂ ತೊಂದ್ರೆ ಇಲ್ಲ, ಕಣ್ಮುಚ್ಚಿ ತಗೊಳ್ಳಿ. ಲರ್ನಿಂಗ್ ವೆಬ್ ಡಿಸೈನ್ ಥರದ್ದು ಮೂಲತಃ ಬಣ್ಣದ ಪುಸ್ತಕ, ಬಣ್ಣದ ಬಗ್ಗೆ ಇರೋ ಪುಟನೇ ಬೂದು ಬಣ್ಣದಲ್ಲಿ ನೋಡೋದು ಸ್ವಲ್ಪ ಹಿಂಸೆ, ಆದ್ರೂ ಅಭ್ಯಾಸಗಳನ್ನ ಹೆಂಗಿದ್ರೂ ನೀವು ಸ್ಕ್ರೀನ್ ಮೇಲೆ ಮಾಡ್ತೀರ, ಅಲ್ಲಿ ಬಣ್ಣ ಕಾಣತ್ತೆ, ಹಂಗಾಗಿ ದುಡ್ಡು ಟೈಟ್ ಇದ್ರೆ ಗ್ರೇಸ್ಕೇಲೇ ಸಾಕು. ಫುಟ್‌ಪಾತಲ್ಲಿ ಸಿಗೋ ಝೆರಾಕ್ಸ್ ಪೈರೇಟೆಡ್ ಕಾಪಿ ಮಾತ್ರ ಬೇಡ, ಕೋಡಲ್ಲಿ ಪೂರ್ಣವಿರಾಮ ಯಾವ್ದು ಅಲ್ಪವಿರಾಮ ಯಾವ್ದು ಅಂತ ಗೊತ್ತಾಗ್ದಷ್ಟು ಮಸುಕಾಗಿರತ್ತೆ, ಆ ಒಂದು ಚುಕ್ಕಿ ಹುಡುಕ್ತಾ ಇಡೀ ಸಂಜೆ ಹೋಗತ್ತೆ.

ಹೊಸಾ ಪುಸ್ತಕದಲ್ಲೂ ಪ್ರಿಂಟ್ ತಪ್ಪು ಇರತ್ತೆ. ಓರೈಲಿ ತಮ್ಮ ಪುಸ್ತಕಗಳ ತಪ್ಪೊಪ್ಪೋಲೆನ ಸೈಟಲ್ಲಿ ಹಾಕ್ತಾರೆ, ಎರಾಟಾ ಅಂತ ಹುಡುಕಿ. ಪುಸ್ತಕದಲ್ಲಿರೋ ಹಂಗೇ ಟೈಪ್ ಮಾಡಿದ್ರೂ ಓಡ್ತಿಲ್ಲ ಅಂದ್ರೆ ತಲೆ ಚಚ್ಕೊಳ್ಳೋ ಮುಂಚೆ ಅಲ್ಲೊಂದ್ಸಲ ಪುಟದ ನಂಬರ್ ಹಾಕಿ ನೋಡಿ, ನೋಡೋವಾಗ ನಿಮ್ಮದು ಎಷ್ಟನೇ ಎಡಿಷನ್ ಅನ್ನೋದೂ ಸರಿಯಾಗಿ ಆರಿಸ್ಕೊಳ್ಳಿ.